ಎಕ್ಸ್‌ರೇಯಲ್ಲಿ ಸರಿ, ಮೆಟ್ಟಿಲಲ್ಲಿ ನೋವು: ಒಂದು ಬಲ ಮಂಡಿಯ ಪ್ರಕರಣ

2023ರ ಸೆಪ್ಟೆಂಬರ್. ಮೈಸೂರಿನ ನನ್ನ ಕ್ಲಿನಿಕ್ಕಿಗೆ ಮಂಡ್ಯ ಕಡೆಯಿಂದ ತಾಯಿ-ಮಗ ಬಂದರು. ಮಗನ ಕೈಯಲ್ಲಿ ಬಟ್ಟೆ ಅಂಗಡಿಯ ದೊಡ್ಡ ಕವರ್. ಅದನ್ನು ಮೇಜಿನ ಮೇಲೆ ಸುರಿದ: ಆರು ಎಕ್ಸ್‌ರೇ, ರಕ್ತಪರೀಕ್ಷೆಯ ಚೀಟಿಗಳ ಕಂತೆ, ಮೆಡಿಕಲ್ ಸ್ಟೋರಿನ ಬಿಲ್ಲುಗಳು, ಎಲಾಸ್ಟಿಕ್ ಜೋಲುಬಿದ್ದ ಒಂದು ಮಂಡಿ ಪಟ್ಟಿ. "ಎಲ್ರೂ ಎಲ್ಲಾ ಸರಿಯಾಗದೆ ಅಂತಾರೆ ಸಾರ್. ನಮ್ಮವ್ವ ಮಾತ್ರ ನೋವು ಅಂತಾಳೆ. ಯಾರ್ ಮಾತ್ ನಂಬೋದು?" ಅಂದ.

ಅವನಿಗೆ ಸರಿಯಾದ ಉತ್ತರ ಕೊಡಲು ನನಗೆ ಎರಡೂವರೆ ತಿಂಗಳು ಹಿಡಿಯಿತು. ಅದರಲ್ಲಿ ಆರು ವಾರ ಹಾಳಾದದ್ದು ನನ್ನದೇ ಅವಸರದಿಂದ. ಈ ಪ್ರಕರಣವನ್ನು ಬರೆಯುವ ಕಾರಣಗಳಲ್ಲಿ ಅದೂ ಒಂದು.

ರೋಗಿಯ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಊರು ಬಿಟ್ಟಿದ್ದೇನೆ. ಮಗ ಕರೆಯುವ ಹಾಗೆ ನಾನೂ ಅವರನ್ನು ಅವ್ವ ಎಂದೇ ಕರೆಯುತ್ತೇನೆ.

ಹದಿನಾಲ್ಕು ತಿಂಗಳ ಕವರ್

ಅವ್ವನಿಗೆ 66 ವರ್ಷ. ನಾಲೆ ನೀರಿನ ಎರಡೆಕರೆಯಲ್ಲಿ ಕಬ್ಬು, ಭತ್ತ. ಎರಡು ಹಸು. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ, ಮಾತ್ರೆಯಲ್ಲೇ ಹತೋಟಿಯಲ್ಲಿದೆ. ತೂಕ 71 ಕೆ.ಜಿ. ಎರಡೂ ಮಂಡಿ ಸವೆದಿದ್ದವು, ಬಲದ್ದು ಹೆಚ್ಚು. 2022ರ ಜುಲೈನಲ್ಲಿ ಒಂದು ಆಸ್ಪತ್ರೆಯಲ್ಲಿ ಬಲ ಮಂಡಿಯ ಕೀಲು ಬದಲಿಸಿದ್ದರು.

ನಮ್ಮ ಕಡೆ ಈ ಆಪರೇಷನ್ನಿಗೆ "ಚಿಪ್ಪು ಹಾಕ್ಸೋದು" ಅನ್ನುತ್ತಾರೆ. ಆದರೆ ಚಿಪ್ಪಿಗೂ ಇದಕ್ಕೂ ಸಂಬಂಧ ಕಡಿಮೆ. ತೊಡೆಮೂಳೆಯ ತುದಿಯನ್ನು ಕೆಲವೇ ಮಿಲಿಮೀಟರ್ ಕತ್ತರಿಸಿ ಅದಕ್ಕೆ ಲೋಹದ ಟೋಪಿ ತೊಡಿಸುತ್ತೇವೆ. ಕಾಲಿನ ಮೂಳೆಯ ತಲೆಯನ್ನು ಸಮತಟ್ಟು ಮಾಡಿ ಲೋಹದ ತಟ್ಟೆ ಕೂರಿಸುತ್ತೇವೆ. ಎರಡರ ನಡುವೆ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ. ಚಿಪ್ಪಿನ ಹಿಂಬದಿಗೆ ಪ್ಲಾಸ್ಟಿಕ್ ಗುಂಡಿ ಹಾಕುವವರೂ ಇದ್ದಾರೆ, ಹಾಗೇ ಬಿಡುವವರೂ ಇದ್ದಾರೆ. ಇಷ್ಟು ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ.

ಮಂಡಿ ಬದಲಿಸಿಕೊಂಡವರಲ್ಲಿ ಬಹುಪಾಲು ಜನ ಸುಖವಾಗಿದ್ದಾರೆ. ಆದರೆ ನೂರಕ್ಕೆ 10ರಿಂದ 20 ಮಂದಿಗೆ ತಿಂಗಳುಗಟ್ಟಲೆ ಕಳೆದರೂ ಗಮನಿಸುವಷ್ಟು ನೋವು ಉಳಿಯುತ್ತದೆ ಎಂಬುದು ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ನಾವು ವೈದ್ಯರು ಆಪರೇಷನ್ನಿಗೆ ಮುಂಚೆ ಇದನ್ನು ಹೇಳುವುದು ಕಡಿಮೆ, ಹೇಳಿದರೂ ಸಣ್ಣ ದನಿಯಲ್ಲಿ. ಮೊದಲ ಮೂರು ತಿಂಗಳ ನೋವು, ಬಿಸಿ, ಊತ ಸಹಜ. ಒಂದು ವರ್ಷದವರೆಗೂ ನಿಧಾನಕ್ಕೆ ಸುಧಾರಿಸುತ್ತಾ ಹೋಗುವುದೂ ಸಹಜ. ಇಳಿಯುತ್ತಿದ್ದ ನೋವು ನಿಂತಲ್ಲೇ ನಿಂತರೆ ಅಥವಾ ಮತ್ತೆ ಏರಿದರೆ ಮಾತ್ರ ಹುಡುಕಾಟ ಶುರು ಮಾಡಬೇಕು.

ಅವ್ವನ ಕವರಿನಲ್ಲಿದ್ದ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿದೆ. ಇದಕ್ಕೇ ಇಪ್ಪತ್ತು ನಿಮಿಷ ಹೋಯಿತು, ಆದರೆ ಮುಂದಿನ ಯಾವ ಸ್ಕ್ಯಾನಿಗಿಂತಲೂ ಹೆಚ್ಚು ಪ್ರಯೋಜನವಾದದ್ದು ಅದೇ. ಆಪರೇಷನ್ ಆದ ಮೇಲೆ ಅವ್ವ ವಾರ್ಡಿನ ಮಾದರಿ ರೋಗಿ. ಪಕ್ಕದ ಹಾಸಿಗೆಯವರು 70 ಡಿಗ್ರಿ ಬಗ್ಗಿಸಲು ಅಳುತ್ತಿದ್ದಾಗ ಇವರು 100 ದಾಟಿದ್ದರು. ಆರನೇ ವಾರಕ್ಕೆ 130. ಫಿಸಿಯೋ ಹುಡುಗಿ ಮೊಬೈಲಿನಲ್ಲಿ ವಿಡಿಯೊ ಮಾಡಿ ಉಳಿದವರಿಗೆ ತೋರಿಸುತ್ತಿದ್ದಳಂತೆ. ಮೂರು ತಿಂಗಳು ಮನೆಯೊಳಗೆ ಓಡಾಟ, ತೊಂದರೆ ಇಲ್ಲ. ನಾಲ್ಕನೇ ತಿಂಗಳಲ್ಲಿ ಗದ್ದೆ ಕಡೆ ಹೋಗಲು ಶುರು ಮಾಡಿದ ಮೇಲೆ ಸಂಜೆ ಹೊತ್ತು ಊತ. ಊರಿನ ಕ್ಲಿನಿಕ್ಕಿನಲ್ಲಿ ಐದು ದಿನದ ಆ್ಯಂಟಿಬಯೋಟಿಕ್. ಊತ ಇಳಿಯಿತು. ಗದ್ದೆಗೆ ಹೋಗದೇ ಇದ್ದದ್ದಕ್ಕೆ ಇಳಿಯಿತೋ, ಮಾತ್ರೆಗೆ ಇಳಿಯಿತೋ ಯಾರಿಗೆ ಗೊತ್ತು. ಎಂಟು ತಿಂಗಳಲ್ಲಿ ಇದು ಮೂರು ಸಲ ಆಗಿತ್ತು.

ಆಪರೇಷನ್ ಮಾಡಿದವರು ಎರಡು ಸಲ ಎಕ್ಸ್‌ರೇ ತೆಗೆಸಿ, ಇಂಪ್ಲಾಂಟ್ ಚೆನ್ನಾಗಿ ಕೂತಿದೆ ಎಂದು ಬರೆದಿದ್ದರು. ಅದು ನಿಜ. ಇನ್ನೊಬ್ಬರು ನರದ ನೋವಿರಬಹುದೆಂದು ಪ್ರಿಗಬಾಲಿನ್ ಕೊಟ್ಟರು. ಅವ್ವನಿಗೆ ತಲೆ ಸುತ್ತಿ ಕೊಟ್ಟಿಗೆಯಲ್ಲಿ ಬಿದ್ದು, ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಕೊನೆಯ ಚೀಟಿಯಲ್ಲಿ ಮನಸ್ಸಿನ ಗುಳಿಗೆ ಇತ್ತು. ಮನೆಯಲ್ಲಿ ಸೊಸೆ "ಕೆಲ್ಸ ತಪ್ಸೋಕೆ ಕಾಲು ನೋವು" ಅಂದಿದ್ದಳಂತೆ. ಇದನ್ನು ಹೇಳುವಾಗ ಮಾತ್ರ ಅವ್ವನ ದನಿ ಒಂಚೂರು ನಡುಗಿತು.

ಹಳೇ ನೋವೋ, ಹೊಸ ನೋವೋ

ಇಂಥ ರೋಗಿಗಳಿಗೆ ನಾನು ಮೊದಲು ಕೇಳುವುದು ಇದನ್ನೇ. ಆಪರೇಷನ್ನಿಗೆ ಮುಂಚಿನ ನೋವೇ ಹಾಗೇ ಮುಂದುವರಿದಿದ್ದರೆ ಅದು ಮಂಡಿಯದ್ದೇ ಆಗಿರಲಿಲ್ಲವೇನೋ ಎಂದು ಯೋಚಿಸಬೇಕು. ಸೊಂಟದ ಕೀಲು ಸವೆದವರಿಗೆ ಮಂಡಿ ನೋಯುವುದುಂಟು. ಎರಡಕ್ಕೂ ಒಂದೇ ನರಗಳ ಕವಲುಗಳು ಹೋಗುತ್ತವೆ. ಸೊಂಟ ಬಿಟ್ಟು ಮಂಡಿ ಬದಲಿಸಿದ ಉದಾಹರಣೆಗಳೂ ಇವೆ. ನೋವು ಹೋಗಿ, ಕೆಲವು ತಿಂಗಳು ಸುಖವಾಗಿದ್ದು, ಮತ್ತೆ ಬೇರೆ ಥರದ್ದು ಶುರುವಾದರೆ ಕೀಲಿನೊಳಗೆ ಏನೋ ಆಗಿದೆ ಎಂದು ಅನುಮಾನಿಸಬೇಕು. ರಾತ್ರಿ ಮಲಗಿದಾಗಲೂ ಬಿಡದ ನೋವಾದರೆ ಸೋಂಕಿನ ಭಯ. ಕೂತು ಎದ್ದ ಮೊದಲ ನಾಲ್ಕು ಹೆಜ್ಜೆಗೆ ಚುಚ್ಚಿ ಆಮೇಲೆ ಕಡಿಮೆಯಾದರೆ ಇಂಪ್ಲಾಂಟ್ ಮೂಳೆಯಿಂದ ಬಿಟ್ಟಿರಬಹುದು. ಮೆಟ್ಟಿಲಲ್ಲೇ ನೋವು ಹೆಚ್ಚಾದರೆ ಚಿಪ್ಪು ಸರಿಯುವ ಜಾಡು ಅಥವಾ ಕೀಲಿನ ಬಿಗಿ ನೋಡಬೇಕು.

ಅವ್ವ ಹೇಳಿದ್ದು ಹೀಗೆ: "ಹಳೇ ನೋವು ಓಯ್ತು ಕನ ಸಾ. ಅದು ಕಡ್ದಂಗೆ ಇರದು. ಇದು ಅಂಗಲ್ಲ. ಗುದ್ಲಿ ಕಾವು ಸಡ್ಲ ಆದಂಗೆ. ಎತ್ತಿಡ್ಕಂಡ್ರೆ ಸರಿಯಾಗೇ ಕಾಣ್ತದೆ. ಏಟಾಕ್ದಾಗ ಅಳ್ಳಾಡ್ತದೆ."

ಈ ಮಾತನ್ನು ನಾನು ಕೇಳಿಸಿಕೊಂಡೆ, ನಕ್ಕೆ, ಬರೆದುಕೊಳ್ಳಲಿಲ್ಲ. ಕೇಸ್ ಶೀಟಿನಲ್ಲಿ ನನ್ನ ಕೈಬರಹದಲ್ಲಿ ಇರುವುದು ‘ಬಲ ಮಂಡಿ ನೋವು, 10 ತಿಂಗಳು, ನಡೆದಾಗ ಜಾಸ್ತಿ’ ಅಷ್ಟೇ. ಬಂದಾಗ ಕ್ಲಿನಿಕ್ಕಿನ ಮುಂದಿನ ಮೂರು ಮೆಟ್ಟಿಲನ್ನು ಸರಾಗವಾಗಿ ಹತ್ತಿದವರು, ಹೋಗುವಾಗ ಕಂಬಿ ಹಿಡಿದು ಏಣಿ ಇಳಿಯುವ ಹಾಗೆ ಹಿಮ್ಮುಖವಾಗಿ ಇಳಿದದ್ದನ್ನು ಕಿಟಕಿಯಿಂದ ನೋಡಿದೆ. ಅದನ್ನೂ ಬರೆದುಕೊಳ್ಳಲಿಲ್ಲ.

ನನ್ನ ಗಮನ ಬೆನ್ನಿನ ಮೇಲಿತ್ತು. ಅವ್ವನಿಗೆ ಸೊಂಟದ ಹಿಂದೆ ನೋವಿತ್ತು, ಕಾಲು ಜೋಮು ಹಿಡಿಯುತ್ತದೆ ಅಂದಿದ್ದರು. ಗಾಯದ ಗುರುತಿನ ಹೊರಮಗ್ಗುಲಲ್ಲಿ ಅಂಗೈಯಗಲ ಮರಗಟ್ಟಿತ್ತು. (ಅದು ಬಹಳ ಜನಕ್ಕೆ ಆಗುತ್ತದೆ. ಚರ್ಮದ ಸಣ್ಣ ನರವೊಂದು ಗಾಯದ ಹಾದಿಯಲ್ಲೇ ಇರುತ್ತದೆ, ತಪ್ಪಿಸುವುದು ಕಷ್ಟ.) ಎಂಆರ್‌ಐ ಬರೆದುಕೊಟ್ಟೆ. 66 ವರ್ಷದ, ದಿನವಿಡೀ ಬಗ್ಗಿ ದುಡಿದ ಹೆಂಗಸಿನ ಬೆನ್ನಿನ ಎಂಆರ್‌ಐ ಸಾಫ್ ಬಂದೀತೆ? ಕೆಳಬೆನ್ನಿನ ಎರಡು ಡಿಸ್ಕ್ ಉಬ್ಬಿದ್ದವು. ಬೆನ್ನಿಗೆ ವ್ಯಾಯಾಮ, ಮಾತ್ರೆ, ಆರು ವಾರ. ಜೋಮು ಸ್ವಲ್ಪ ತಗ್ಗಿತು. ಮಂಡಿ ಹಾಗೇ ಇತ್ತು, ಅಕ್ಟೋಬರ್ ಕೊನೆಗೆ ಮತ್ತೆ ಊದಿಕೊಂಡು ಬಂತು. ಮಗ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ನನಗೆ ನಾಟಿತು.

ಕೃತಕ ಕೀಲು ಪದೇ ಪದೇ ಊದುತ್ತಿದ್ದರೆ ಅದು ಬೆನ್ನಿನಿಂದ ಆಗುವುದಿಲ್ಲ. ಬೆನ್ನಿನ ನರ ಮಂಡಿಯನ್ನು ನೋಯಿಸಬಹುದು, ಊದಿಸಲಾರದು. ಎಂಬಿಬಿಎಸ್ ಹುಡುಗರಿಗೆ ನಾನೇ ಹೇಳಿಕೊಡುವ ಪಾಠ ಇದು.

ಮೊದಲು ಸೋಂಕು, ಆಮೇಲೆ ಉಳಿದದ್ದು

ಇಂಪ್ಲಾಂಟ್ ಇರುವ ಕೀಲು ನೋಯುತ್ತಿದೆ, ಊದುತ್ತಿದೆ ಎಂದರೆ ಸೋಂಕು ಇಲ್ಲವೆಂದು ಖಾತ್ರಿಯಾಗುವವರೆಗೆ ಬೇರೆ ಮಾತಿಲ್ಲ. ಕೀವು ಸುರಿಯಬೇಕು, ಜ್ವರ ಬರಬೇಕು ಎಂದೇನಿಲ್ಲ. ಚರ್ಮದ ಮೇಲೆ ಸಹಜವಾಗಿರುವ ಬಡಪಾಯಿ ಬ್ಯಾಕ್ಟೀರಿಯಾಗಳೇ ಲೋಹದ ಮೇಲೆ ತೆಳು ಪದರ ಕಟ್ಟಿಕೊಂಡು ವರ್ಷಗಟ್ಟಲೆ ಸದ್ದಿಲ್ಲದೆ ಕೂತಿರಬಲ್ಲವು. ಆಗ ನೋವೊಂದೇ ಲಕ್ಷಣ. ಇದನ್ನು ತಿಳಿಯದೆ ಮಂಡಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುವುದು ಬಹಳ ಕೆಟ್ಟ ಕೆಲಸ. ಅವ್ವನಿಗೆ ಯಾರೂ ಕೊಟ್ಟಿರಲಿಲ್ಲ, ಅದೊಂದು ಒಳ್ಳೆಯದಾಗಿತ್ತು.

ರಕ್ತದಲ್ಲಿ ಉರಿಯೂತ ಸೂಚಿಸುವ ಎರಡು ಅಳತೆಗಳಲ್ಲಿ ಇಎಸ್‌ಆರ್ ಗಂಟೆಗೆ 38 ಮಿ.ಮೀ., ಸಿಆರ್‌ಪಿ ಲೀಟರಿಗೆ 4 ಮಿ.ಗ್ರಾಂ. ಸೋಂಕಿನ ಅನುಮಾನಕ್ಕೆ ಸಾಮಾನ್ಯವಾಗಿ ಇಎಸ್‌ಆರ್ 30, ಸಿಆರ್‌ಪಿ 10 ದಾಟಿದೆಯೇ ಎಂದು ನೋಡುತ್ತೇವೆ. ಒಂದು ದಾಟಿದೆ, ಒಂದು ಇಲ್ಲ. ವಯಸ್ಸಾದ, ರಕ್ತ ಕಡಿಮೆ ಇರುವ ಹೆಂಗಸರಲ್ಲಿ ಇಎಸ್‌ಆರ್ 38 ಹೊಸದೇನಲ್ಲ. ಹಾಗಂತ ಬಿಡುವಂತಿರಲಿಲ್ಲ, ಯಾಕೆಂದರೆ ಅದೇ ವಾರ ಊರಿನಲ್ಲಿ ನಾಲ್ಕನೇ ಸಲ ಆ್ಯಂಟಿಬಯೋಟಿಕ್ ಶುರು ಮಾಡಿದ್ದರು.

ಕೀಲಿನ ನೀರು ತೆಗೆದು ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸುವ ಮೊದಲು ಕನಿಷ್ಠ ಎರಡು ವಾರ ಆ್ಯಂಟಿಬಯೋಟಿಕ್ ನಿಲ್ಲಿಸಿರಬೇಕು. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ತಟ್ಟೆಯಲ್ಲಿ ಬೆಳೆಯುವುದಿಲ್ಲ, ‘ಏನೂ ಇಲ್ಲ’ ಎಂಬ ಸುಳ್ಳು ವರದಿ ಬರುತ್ತದೆ. ಐದು ದಿನದ ಗುಳಿಗೆ ಸೋಂಕನ್ನು ವಾಸಿ ಮಾಡುವುದೂ ಇಲ್ಲ, ಸಿಕ್ಕಿಬೀಳಲು ಬಿಡುವುದೂ ಇಲ್ಲ. ಮಗನಿಗೆ ಇದನ್ನು ಬಿಡಿಸಿ ಹೇಳಿ, ಗುಳಿಗೆ ನಿಲ್ಲಿಸಿ, ಹದಿನಾರು ದಿನ ಬಿಟ್ಟು ಬರಲು ಹೇಳಿದೆ.

ನವೆಂಬರ್ ಮಧ್ಯದಲ್ಲಿ ಆಪರೇಷನ್ ಥಿಯೇಟರಿನ ಶುಚಿಯಲ್ಲೇ ನೀರು ತೆಗೆದೆ. 28 ಮಿ.ಲೀ. ಬಂತು. ಒಣಹುಲ್ಲಿನ ಬಣ್ಣ, ಅದರೊಳಗೆ ನಸುಗೆಂಪು ಎಳೆ. ಕೀವಿನ ಮಸುಕಿಲ್ಲ. ಬಿಳಿ ರಕ್ತಕಣ ಒಂದು ಮೈಕ್ರೋಲೀಟರಿಗೆ 640. ಹಳೆಯ ಕೃತಕ ಕೀಲಿನಲ್ಲಿ 3,000 ದಾಟಿದರೆ ಚಿಂತೆ. ಅವುಗಳಲ್ಲಿ ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಮೊದಲು ಬರುವ ಬಗೆಯ ಕಣ) ಶೇ. 31, ಶೇ. 80ರ ಹತ್ತಿರ ಬಂದರೆ ಚಿಂತೆ. ಕಲ್ಚರನ್ನು 14 ದಿನ ಇಡಲು ಲ್ಯಾಬಿನವರಿಗೆ ಫೋನ್ ಮಾಡಿಯೇ ಹೇಳಿದೆ, ಏಕೆಂದರೆ ನಿಧಾನಕ್ಕೆ ಬೆಳೆಯುವವು ಐದು ದಿನಕ್ಕೆ ಕಾಣುವುದಿಲ್ಲ. ಹದಿನಾಲ್ಕನೇ ದಿನವೂ ಏನೂ ಬೆಳೆಯಲಿಲ್ಲ.

ಆದರೆ ಆ ದಿನ ನಡೆದ ಇನ್ನೊಂದು ಸಂಗತಿ ಮುಖ್ಯ. ನೀರು ಪೂರ್ತಿ ತೆಗೆದ ಮೇಲೆ ಅದೇ ಸೂಜಿಯಿಂದ 10 ಮಿ.ಲೀ. ಲಿಗ್ನೊಕೇನ್, ಅಂದರೆ ಮರಗಟ್ಟಿಸುವ ಔಷಧಿ, ಕೀಲಿನೊಳಗೆ ಬಿಟ್ಟೆ. (ನೀರು ತೆಗೆಯುವ ಮೊದಲೇ ಒಳಗೆ ಬಿಡಬಾರದು, ಅದು ಬ್ಯಾಕ್ಟೀರಿಯಾ ಬೆಳೆಯುವುದನ್ನು ತಡೆಯುತ್ತದೆ.) ನೋವಿನ ಮೂಲ ಕೀಲಿನೊಳಗೇ ಇದ್ದರೆ ಸ್ವಲ್ಪ ಹೊತ್ತಾದರೂ ಹೋಗಬೇಕು. ಕಾಲು ಗಂಟೆ ಬಿಟ್ಟು ಅವ್ವನನ್ನು ಓಡಾಡಿಸಿದೆ. "ನೋವೇ ಇಲ್ಲ ಸಾ!" ಮುಖ ಅರಳಿತು. ಹಾಗಾದರೆ ಮೆಟ್ಟಿಲು ಇಳಿಯಿರಿ ಅಂದೆ.

ಅವ್ವ ತಿರುಗಿ, ಕಂಬಿ ಹಿಡಿದು, ಮತ್ತೆ ಹಿಮ್ಮುಖವಾಗಿಯೇ ಇಳಿದರು.

"ನೋವಿಲ್ಲ ಅಂದ್ರಲ್ಲವ್ವ, ಮತ್ಯಾಕೆ ಹಂಗೆ ಇಳೀತೀರಿ?"

"ನೋವಿಲ್ಲ ಸಾ. ನಂಬ್ಕೆ ಇಲ್ಲ."

ಮೇಜಿನ ಅಂಚಿನಲ್ಲಿ

ಅಲ್ಲೇ ವಾಪಸ್ ಕರೆದು ಪರೀಕ್ಷಾ ಮೇಜಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸಿದೆ. ಎರಡು ತಿಂಗಳ ಹಿಂದೆಯೇ ಮಾಡಬೇಕಿದ್ದ ಕೆಲಸ. ಆಗ ಮಲಗಿಸಿ ಕಾಲು ನೆಟ್ಟಗೆ ಇಟ್ಟು, ಆಮೇಲೆ ಒಂಚೂರು ಬಗ್ಗಿಸಿ ಆಚೀಚೆ ಅಲ್ಲಾಡಿಸಿ ‘ಬಿಗಿಯಾಗಿದೆ’ ಎಂದು ಬರೆದಿದ್ದೆ. ಆ ಎರಡು ಭಂಗಿಯಲ್ಲಿ ಅದು ನಿಜವಾಗಿಯೂ ಬಿಗಿಯಾಗಿಯೇ ಇತ್ತು.

ಸ್ಟೂಲಿನ ಮೇಲೆ ಕೂತು ಅವ್ವನ ಪಾದವನ್ನು ನನ್ನ ಎರಡು ಮಂಡಿಗಳ ನಡುವೆ ಹಿಡಿದೆ. ಅವರ ಮಂಡಿ 90 ಡಿಗ್ರಿಯಲ್ಲಿತ್ತು. ತೊಡೆಯ ಸ್ನಾಯು ಸಡಿಲ ಬಿಡಲು ಹೇಳಿ, ಕಾಲಿನ ಮೂಳೆಯ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಮುಂದಕ್ಕೆ ಎಳೆದೆ. ಹೆಬ್ಬೆರಳುಗಳ ಕೆಳಗೆ ಮೂಳೆ ಜಾರಿ ಬಂತು, ಸುಮಾರು ಒಂದು ಸೆಂಟಿಮೀಟರ್. ಬಿಟ್ಟಾಗ ಲೋಹಕ್ಕೆ ಪ್ಲಾಸ್ಟಿಕ್ ತಾಗಿ ‘ಟಕ್’ ಎಂದಿತು. ಎಡ ಮಂಡಿ ಅರ್ಧದಷ್ಟೂ ಬರಲಿಲ್ಲ. ಆಮೇಲೆ ಹಿಮ್ಮಡಿ ಹಿಡಿದು ನೇರ ಕೆಳಕ್ಕೆ ಜಗ್ಗಿದೆ: ಕೀಲು ಬಾಯಿ ತೆರೆದ ಹಾಗಾಯಿತು. ಮಂಡಿಯ ಒಳಮಗ್ಗುಲಲ್ಲಿ, ಕೀಲಿನ ಗೆರೆಗಿಂತ ಎರಡು ಬೆರಳು ಕೆಳಗೆ, ತೊಡೆಯ ಮೂರು ಸ್ನಾಯುಗಳ ರಜ್ಜುಗಳು ಬಂದು ಅಂಟುವ ಜಾಗವಿದೆ. ಮದ್ದಿನ ಪ್ರಭಾವ ಅಲ್ಲಿಗೆ ತಲುಪಿರಲಿಲ್ಲ. ಒತ್ತಿದಾಗ ಅವ್ವ ಹೌಹಾರಿದರು. ಸಡಿಲ ಕೀಲನ್ನು ಹಿಡಿದಿಡಲು ಆ ಸ್ನಾಯುಗಳು ಸುಮಾರು ಒಂದು ವರ್ಷದಿಂದ ಓವರ್‌ಟೈಮ್ ದುಡಿದಿದ್ದವು.

ಗುದ್ದಲಿ ಕಾವು. ಎತ್ತಿ ಹಿಡಿದಾಗ ಸರಿ, ಏಟು ಹಾಕಿದಾಗ ಅಳ್ಳಾಟ.

ಇದಕ್ಕೆ ಬಗ್ಗಿದ ಸ್ಥಿತಿಯ ಅಸ್ಥಿರತೆ ಎನ್ನಬಹುದು. ಮಂಡಿ ನೆಟ್ಟಗಿರುವಾಗ ಎರಡು ಮೂಳೆಗಳ ನಡುವೆ ಒಂದು ಸಂದು, ಬಗ್ಗಿದಾಗ ಇನ್ನೊಂದು ಸಂದು. ಆಪರೇಷನ್ನಿನಲ್ಲಿ ಮೂಳೆ ಕತ್ತರಿಸುವಾಗ ಈ ಎರಡೂ ಸಂದುಗಳು ಒಂದೇ ಅಳತೆಗೆ ಬರಬೇಕು, ಏಕೆಂದರೆ ತುಂಬುವ ಪ್ಲಾಸ್ಟಿಕ್ ಬಿಲ್ಲೆ ಒಂದೇ. ನೆಟ್ಟಗಿನ ಸಂದಿಗೆ ಸರಿಯಾದ ಬಿಲ್ಲೆ ಬಗ್ಗಿದ ಸಂದಿಗೆ ತೆಳ್ಳಗಾದರೆ, ನಿಂತಾಗ ಕೀಲು ಬಂಡೆಯ ಹಾಗೆ ಇರುತ್ತದೆ, ಮೆಟ್ಟಿಲು ಇಳಿಯುವಾಗ, ಕುರ್ಚಿಯಿಂದ ಏಳುವಾಗ, ಬದುವಿನಿಂದ ಗದ್ದೆಗೆ ಕಾಲಿಡುವಾಗ ಜಾರುತ್ತದೆ. ಪ್ರತಿ ಸಲ ಜಾರಿದಾಗಲೂ ಕೀಲಿನ ಒಳಪೊರೆ ಕೆರಳುತ್ತದೆ, ನೀರು ತುಂಬುತ್ತದೆ, ಕೆಲವೊಮ್ಮೆ ರಕ್ತದ ಎಳೆಯೂ ಬರುತ್ತದೆ. ಎಕ್ಸ್‌ರೇಯನ್ನೋ ನಾವು ನಿಲ್ಲಿಸಿ ತೆಗೆಯುತ್ತೇವೆ. ಕವರಿನಲ್ಲಿದ್ದ ಆರು ಫಿಲಂನಲ್ಲೂ ಅವ್ವ ನೆಟ್ಟಗೆ ನಿಂತಿದ್ದರು.

ಆ 130 ಡಿಗ್ರಿಯೂ ಆಗ ಬೇರೆಯಾಗಿ ಕಂಡಿತು. ಆರನೇ ವಾರಕ್ಕೇ ಅಷ್ಟು ಸಲೀಸಾಗಿ ಬಗ್ಗಿದ ಮಂಡಿಗೆ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಬಗ್ಗಿದಾಗ ಸಡಿಲವಿರುವ ಮಂಡಿ ಸಲೀಸಾಗಿಯೇ ಬಗ್ಗುತ್ತದೆ.

ಗ್ರಹಣ ನೋಡಿದ ಫಿಲಂ

ಕೈಗೆ ಸಿಕ್ಕಿದ್ದನ್ನು ಅಳತೆಯಲ್ಲಿ ತೋರಿಸಬೇಕಿತ್ತು. ಇಲ್ಲದಿದ್ದರೆ ಮತ್ತೆ ಮಂಡಿ ಕೊಯ್ಯುವ ಮಾತು ಆಡುವಂತಿಲ್ಲ. ಕಾರಣ ಗೊತ್ತಿಲ್ಲದ ನೋವಿಗೆ ಮರು ಆಪರೇಷನ್ ಮಾಡಿದರೆ ಫಲ ಕೆಟ್ಟದಾಗಿರುತ್ತದೆ. ಈ ವಿಷಯದಲ್ಲಿ ನಮ್ಮ ಕ್ಷೇತ್ರದಲ್ಲಿ ಭಿನ್ನಾಭಿಪ್ರಾಯವೇ ಇಲ್ಲ.

ಆಪರೇಷನ್ನಿಗೆ ಮುಂಚಿನ ಎಕ್ಸ್‌ರೇ ಬೇಕಿತ್ತು, ಅದು ಕವರಿನಲ್ಲಿರಲಿಲ್ಲ. ಮಗ ಮನೆಗೆ ಫೋನ್ ಮಾಡಿದ. 2022ರ ದೀಪಾವಳಿಯ ಮಾರನೇ ದಿನ, ಅಕ್ಟೋಬರ್ 25ರ ಸಂಜೆ ಸೂರ್ಯಗ್ರಹಣವಿತ್ತಲ್ಲ, ಮೊಮ್ಮಗಳು ಅಜ್ಜಿಯ ಕಾಲಿನ ಫಿಲಂ ಹಿಡಿದು ಸೂರ್ಯನನ್ನು ನೋಡಿದ್ದಳಂತೆ. (ದಯವಿಟ್ಟು ಹಾಗೆ ಮಾಡಬೇಡಿ, ಎಕ್ಸ್‌ರೇ ಫಿಲಂ ಕಣ್ಣನ್ನು ಕಾಪಾಡುವುದಿಲ್ಲ.) ಅಟ್ಟದ ಮೇಲೆ ಸುರುಳಿ ಸುತ್ತಿ ಬಿಸಾಕಿದ್ದು ಸಿಕ್ಕಿತು. ಒಂದು ಮೂಲೆ ಕತ್ತರಿಸಿತ್ತು, ಆದರೆ ಪಕ್ಕದಿಂದ ತೆಗೆದ ಚಿತ್ರ ಉಳಿದಿತ್ತು.

ಪಕ್ಕದ ಚಿತ್ರದಲ್ಲಿ ತೊಡೆಮೂಳೆಯ ಹಿಂಬದಿಯ ಗೆರೆಯನ್ನು ಕೆಳಕ್ಕೆ ಎಳೆದು, ಅಲ್ಲಿಂದ ಮೂಳೆಯ ಗುಬುಟು ಎಷ್ಟು ಹಿಂದಕ್ಕೆ ಚಾಚಿದೆ ಎಂದು ಅಳೆಯುತ್ತೇವೆ. ಹಳೇ ಫಿಲಂನಲ್ಲಿ ಸುಮಾರು 28 ಮಿ.ಮೀ. ಎಡ ಮಂಡಿಯ ಹೊಸ ಎಕ್ಸ್‌ರೇಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಬಲ ಮಂಡಿಯ ಲೋಹದ ಟೋಪಿಯೊಂದಿಗೆ ಅಳೆದಾಗ 22. ಹಿಂದುಗಡೆ 6 ಮಿ.ಮೀ. ಕಡಿಮೆಯಾಗಿತ್ತು. ಅದರ ಮೇಲೆ ಕಾಲಿನ ಮೂಳೆಯ ಕತ್ತರಿಕೆ ಹಿಂದಕ್ಕೆ 11 ಡಿಗ್ರಿ ಇಳಿಜಾರಾಗಿತ್ತು. ಈ ಬಗೆಯ ಇಂಪ್ಲಾಂಟಿನಲ್ಲಿ ಸಾಮಾನ್ಯವಾಗಿ 7 ಡಿಗ್ರಿ ದಾಟಿಸುವುದಿಲ್ಲ. ಎರಡೂ ಸೇರಿ ಬಗ್ಗಿದ ಸಂದನ್ನು ಹಿಗ್ಗಿಸಿದ್ದವು. ಸಿಟಿ ಸ್ಕ್ಯಾನಿನಲ್ಲಿ ಇಂಪ್ಲಾಂಟ್ ತಿರುಚಿ ಕೂತಿಲ್ಲ ಎಂದು ಖಾತ್ರಿಯಾಯಿತು. ಸೊಂಟದ ಕೀಲು, ಪಾದದ ನಾಡಿ ಸರಿಯಿದ್ದವು. ಬೋನ್ ಸ್ಕ್ಯಾನ್ (ಮೂಳೆಯಲ್ಲಿ ಚಟುವಟಿಕೆ ಹೆಚ್ಚಿರುವ ಜಾಗ ತೋರಿಸುವ ಸ್ಕ್ಯಾನ್) ಯಾಕೆ ಮಾಡಿಸಲಿಲ್ಲ ಎಂದು ಕೇಳಿದವರಿದ್ದಾರೆ. ಸುಖವಾಗಿರುವ ಕೃತಕ ಮಂಡಿಯೂ ಅದರಲ್ಲಿ ಒಂದು ವರ್ಷದ ಮೇಲೂ ಉರಿಯುವ ಹಾಗೆ ಕಾಣಬಹುದು, ನಮಗೆ ಅದರಿಂದ ಹೊಸದೇನೂ ಸಿಗುತ್ತಿರಲಿಲ್ಲ.

ಮೊದಲು ಆಪರೇಷನ್ ಮಾಡಿದ ವೈದ್ಯರಿಗೆ ಫೋನ್ ಮಾಡಿದೆ. ಇಂಥ ಕರೆ ಮಾಡುವುದು ಇಬ್ಬರಿಗೂ ಇರಿಸುಮುರಿಸು. ಅವರು ದೊಡ್ಡ ಮನಸ್ಸಿನವರು, ಅಂದೇ ಸಂಜೆ ಆಪರೇಷನ್ ಟಿಪ್ಪಣಿ, ಇಂಪ್ಲಾಂಟಿನ ಸ್ಟಿಕ್ಕರ್ ಎರಡನ್ನೂ ವಾಟ್ಸಾಪಿನಲ್ಲಿ ಕಳಿಸಿದರು. ಆ ಸ್ಟಿಕ್ಕರಿನಲ್ಲಿ ಕಂಪನಿ, ಮಾದರಿ, ಸೈಜು ಎಲ್ಲ ಇರುತ್ತದೆ. ಡಿಸ್ಚಾರ್ಜ್ ಆಗುವಾಗ ರೋಗಿಗಳು ಅದನ್ನು ಕೇಳಿ ಪಡೆಯಬೇಕು. ಅವ್ವನ ಮೂಳೆ ಎರಡು ಸೈಜಿನ ನಡುವೆ ಬಿದ್ದಿತ್ತು. ದೊಡ್ಡದು ಹಾಕಿದರೆ ಅಂಚು ಹೊರಗೆ ಚಾಚಿ ಚುಚ್ಚುತ್ತದೆಂದು ಅವರು ಚಿಕ್ಕದನ್ನು ಆರಿಸಿದ್ದರು. ಮುಂದುಗಡೆಯಿಂದ ಅಳತೆ ಹಿಡಿಯುವ ಪದ್ಧತಿಯಲ್ಲಿ ಚಿಕ್ಕ ಸೈಜಿಗೆ ಇಳಿದರೆ ಹೆಚ್ಚು ಮೂಳೆ ಹೋಗುವುದು ಹಿಂದುಗಡೆಯಿಂದ. ಅಲ್ಲಿಗೇ ಲೆಕ್ಕ ಕೂಡಿತು. ಆ ಮೇಜಿನ ಮುಂದೆ ನಾನಿದ್ದರೂ ಅದನ್ನೇ ಆರಿಸುತ್ತಿದ್ದೆನೇನೋ. ಆರಿಸಿದ ಮೇಲೆ ಬಗ್ಗಿಸಿ ಜಗ್ಗಿ ನೋಡುತ್ತಿದ್ದೆನೇ ಎಂಬುದು ಪ್ರಶ್ನೆ.

ಮೂರು ತಿಂಗಳು, ಆಮೇಲೆ ಇನ್ನೊಂದು ಆಪರೇಷನ್

ಕಾರಣ ಸಿಕ್ಕಿತೆಂದು ಮಾರನೇ ದಿನವೇ ಕತ್ತಿ ಎತ್ತುವಂತಿಲ್ಲ. ತೊಡೆಯ ಮುಂದಿನ ಮತ್ತು ಹಿಂದಿನ ಸ್ನಾಯುಗಳನ್ನು ಗಟ್ಟಿ ಮಾಡಿದರೆ ಸಡಿಲ ಕಡಿಮೆ ಇರುವವರು ಅಷ್ಟರಲ್ಲೇ ಸುಧಾರಿಸುತ್ತಾರೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಅವ್ವ ಅದನ್ನು ಮಾಡಿದರು. ಕುರ್ಚಿಯಲ್ಲಿ ಕೂತು ಕಾಲಿಗೆ ಮರಳಿನ ಚೀಲ ಕಟ್ಟಿ ಎತ್ತುವುದು, ಗೋಡೆಗೆ ಒರಗಿ ಅರ್ಧ ಕೂರುವುದು. ಫಿಸಿಯೋ ಹತ್ತಿರ ವಾರಕ್ಕೆರಡು ಸಲ ಮಂಡ್ಯಕ್ಕೆ ಹೋಗಬೇಕು. ಹೆಂಗಸರಿಗೆ ಬಸ್ಸು ಪುಕ್ಕಟೆ, ಆದರೆ ಬಸ್ಸಿನ ಮೊದಲ ಮೆಟ್ಟಿಲಿನ ಎತ್ತರ ಯಾವ ಯೋಜನೆಗೂ ತಗ್ಗಿಲ್ಲ. ಕಂಡಕ್ಟರ್ ಕೈ ಕೊಡುತ್ತಿದ್ದನಂತೆ. ಮೂರು ತಿಂಗಳ ಕೊನೆಗೆ ಸಮತಟ್ಟಿನಲ್ಲಿ ನಡಿಗೆ ಎಷ್ಟೋ ವಾಸಿ, ಒಳಮಗ್ಗುಲ ನೋವು ಅರ್ಧಕ್ಕರ್ಧ ಇಳಿದಿತ್ತು. ಇಳಿಯುವಾಗ ಮಾತ್ರ ಅದೇ ಹಿಮ್ಮುಖ.

ಮುಂದಿನ ದಾರಿಯ ಬಗ್ಗೆ ಮನೆಯವರ ಜೊತೆ ಎರಡು ಸಲ ಕೂತೆವು, ಸೊಸೆಯೂ ಬಂದಿದ್ದಳು. ಅವಳ ಮುಂದೆಯೇ ಅವ್ವನ ಕಾಲನ್ನು ಮೇಜಿನ ಅಂಚಿನಲ್ಲಿ ಎಳೆದು ತೋರಿಸಿದೆ. ಆ ‘ಟಕ್’ ಸದ್ದು ಕೇಳಿ ಬಾಯಿಗೆ ಕೈ ಇಟ್ಟುಕೊಂಡಳು. ಮಗ ಕೇಳಿದ ಪ್ರಶ್ನೆ ಒಳ್ಳೆಯದಿತ್ತು: ಆ ಪ್ಲಾಸ್ಟಿಕ್ ಒಂದನ್ನೇ ದಪ್ಪದ್ದು ಹಾಕಿದರೆ ಆಗುವುದಿಲ್ಲವೇ? ಆಗುವುದಿಲ್ಲ. ಬಗ್ಗಿದ ಸಂದಿಗೆ ಸರಿಹೋಗುವ ಬಿಲ್ಲೆ ನೆಟ್ಟಗಿನ ಸಂದಿಗೆ ದಪ್ಪವಾಗುತ್ತದೆ, ಕಾಲು ಪೂರ್ತಿ ನೆಟ್ಟಗಾಗದೆ ಕುಂಟು ಶುರುವಾಗುತ್ತದೆ. ಗಟ್ಟಿಯಾಗಿ ಕೂತಿರುವ ಲೋಹವನ್ನು ಕಿತ್ತು, ಹಿಂದುಗಡೆಯ ಕೊರತೆ ತುಂಬಿ ಬೇರೆಯದು ಹಾಕಬೇಕು. ಕೀಳುವಾಗ ಮೂಳೆ ಹೋಗುತ್ತದೆ. ಸೋಂಕಿನ ಅಪಾಯ ಮೊದಲ ಸಲಕ್ಕಿಂತ ಹೆಚ್ಚು, ಸಕ್ಕರೆ ಕಾಯಿಲೆಯವರಿಗೆ ಇನ್ನೂ ಹೆಚ್ಚು. ಪೂರ್ತಿ ನೋವು ಹೋಗುತ್ತದೆಂಬ ಮಾತು ಕೊಡಲಾರೆ ಅಂದೆ.

ಖರ್ಚೂ ಸಣ್ಣದಲ್ಲ. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಮಂಡಿ ಇಂಪ್ಲಾಂಟುಗಳಿಗೆ ಗರಿಷ್ಠ ಬೆಲೆ ಕಟ್ಟಿದಾಗ ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ 54,720 ರೂಪಾಯಿ, ಮರು ಆಪರೇಷನ್ನಿನ ಕೀಲಿಗೆ 1,13,950 ರೂಪಾಯಿ ಎಂದಿತ್ತು. ತೆರಿಗೆ, ಆಸ್ಪತ್ರೆ ಖರ್ಚು ಬೇರೆ. ಮನೆಯವರು ಕಬ್ಬಿನ ದುಡ್ಡು ಬರುವವರೆಗೆ ಕಾದರು.

2024ರ ಮಾರ್ಚ್‌ನಲ್ಲಿ, ಮರು ಆಪರೇಷನ್‌ಗಳಲ್ಲಿ ನನಗಿಂತ ಹೆಚ್ಚು ಕೈ ಪಳಗಿದ ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡು ಮಾಡಿದೆ. ಒಳಗೆ ಸೋಂಕಿನ ಗುರುತಿಲ್ಲ. ಆದರೂ ಐದು ಕಡೆಯಿಂದ ಅಂಗಾಂಶ ತೆಗೆದು ಕಲ್ಚರ್‌ಗೆ ಕಳಿಸಿದೆವು, ಯಾವುದರಲ್ಲೂ ಬೆಳೆಯಲಿಲ್ಲ. ಒಳಪೊರೆ ಊದಿ ಕಂದು ಬಣ್ಣಕ್ಕೆ ತಿರುಗಿತ್ತು, ಪದೇ ಪದೇ ರಕ್ತ ಜಿನುಗಿದ ಗುರುತು. ಸಂದು ಅಳೆಯುವ ಬಿಲ್ಲೆಗಳನ್ನು ತೂರಿಸಿ ನೋಡಿದರೆ ಬಗ್ಗಿದ ಸಂದು ನೆಟ್ಟಗಿನದಕ್ಕಿಂತ ಸುಮಾರು 6 ಮಿ.ಮೀ. ದೊಡ್ಡದು. ಫಿಲಂ ಹೇಳಿದ ಲೆಕ್ಕಕ್ಕೂ ಇದಕ್ಕೂ ತಾಳೆಯಾದಾಗ ಹಿರಿಯರು ಮಾಸ್ಕಿನೊಳಗೇ "ಗ್ರಹಣ ಬಿಡ್ತು" ಅಂದರು. ಒಂದು ಸೈಜು ದೊಡ್ಡ ಟೋಪಿ, ಅದರ ಹಿಂಬದಿಗೆ ಲೋಹದ ತುಂಡುಗಳ ಒತ್ತು, ಮೂಳೆಯೊಳಗೆ ಇಳಿಯುವ ಕಾಂಡ, ಕಾಲಿನ ಮೂಳೆಯ ಇಳಿಜಾರು ತಿದ್ದುಪಡಿ. ಎರಡೂ ಮುಕ್ಕಾಲು ಗಂಟೆಯ ಕೆಲಸ.

ಒಂದು ವರ್ಷದ ಮೇಲೆ

ಮರು ಆಪರೇಷನ್ನಿನ ಚೇತರಿಕೆ ಮೊದಲಿನಷ್ಟು ಸಲೀಸಾಗಿರಲಿಲ್ಲ. ಆರನೇ ವಾರಕ್ಕೆ 85 ಡಿಗ್ರಿ, ಅದೂ ಹಲ್ಲು ಕಚ್ಚಿಕೊಂಡು. ಈ ಸಲ ಯಾರೂ ವಿಡಿಯೊ ಮಾಡಲಿಲ್ಲ. ನಾಲ್ಕು ತಿಂಗಳ ಹೊತ್ತಿಗೆ ಊತ ಪೂರ್ತಿ ನಿಂತಿತು, ಮತ್ತೆ ಬಂದಿಲ್ಲ.

2025ರ ಮಾರ್ಚ್‌ನಲ್ಲಿ ನೋಡಿದಾಗ ಮಂಡಿ 110 ಡಿಗ್ರಿ ಬಗ್ಗುತ್ತಿತ್ತು. ಮಗ "ಮೊದ್ಲು ಇನ್ನೂ ಜಾಸ್ತಿ ಬಗ್ತಿತ್ತು ಸಾರ್" ಅಂದ, ಅವ್ವ ಅವನನ್ನು ದುರುಗುಟ್ಟಿ ನೋಡಿದರು. ಹತ್ತರಲ್ಲಿ ಏಳು ಅನ್ನುತ್ತಿದ್ದ ನೋವು ಈಗ ಎರಡು. ಸಂತೆಯಲ್ಲಿ ಬಹಳ ಹೊತ್ತು ನಿಂತರೆ ಮೂರು. ಮರಗಟ್ಟಿದ ಜಾಗ ಹಾಗೇ ಇದೆ, ಬೆನ್ನು ನೋವೂ ಇದೆ. ನೆಲದ ಮೇಲೆ ಕೂರುವುದನ್ನು ಬಿಟ್ಟಿದ್ದಾರೆ. ಹಾಲು ಕರೆಯುವುದು ಸೊಸೆ. ಮನಸ್ಸಿನ ಗುಳಿಗೆಯನ್ನು ನಿಧಾನಕ್ಕೆ ಇಳಿಸಿ ನಿಲ್ಲಿಸಿದ್ದೇವೆ. ಅದು ಸುಳ್ಳು ಔಷಧಿಯಾಗಿತ್ತು ಎಂದು ನಾನು ಹೇಳುವುದಿಲ್ಲ. ತಿಂಗಳುಗಟ್ಟಲೆ ಯಾರೂ ನಂಬದ ನೋವು ಹೊತ್ತವರಿಗೆ ನಿದ್ದೆ, ಮನಸ್ಸು ಎರಡೂ ಕೆಟ್ಟಿರುತ್ತವೆ.

ಎಡ ಮಂಡಿ ತೋರಿಸಿ "ಇದ್ನ ಯಾವಾಗ ಮಾಡ್ತೀರಿ ಸಾ?" ಅಂದರು. ಸದ್ಯಕ್ಕೆ ಬೇಡ, ನಡೆಯುವಷ್ಟು ಇದೆ, ನಡೆಯಿರಿ ಅಂದೆ. ಅದೇ ಬಟ್ಟೆ ಅಂಗಡಿಯ ಕವರಿನಿಂದ ನ್ಯೂಸ್ ಪೇಪರಿನಲ್ಲಿ ಸುತ್ತಿದ ಒಂದು ಫಿಲಂ ತೆಗೆದು ಮೇಜಿನ ಮೇಲೆ ಇಟ್ಟರು. ಎಡ ಮಂಡಿಯ ಎಕ್ಸ್‌ರೇ.

"ಮೊಮ್ಮಗ್ಳಿಗೆ ಯೋಳಿವ್ನಿ ಸಾ. ಗ್ರಾಣ ಬಂದ್ರೂ ಇದ್ನ ಮುಟ್ಬ್ಯಾಡ ಅಂತ."

ಹೋಗುವಾಗ ಮೂರು ಮೆಟ್ಟಿಲನ್ನೂ ಮುಂದೆ ನೋಡಿಕೊಂಡು ಇಳಿದರು, ಒಂದು ಕೈ ಕಂಬಿಯ ಮೇಲೆ, ಇನ್ನೊಂದರಲ್ಲಿ ಕವರ್. ಈ ಸಲ ಅದನ್ನು ಬರೆದುಕೊಂಡೆ.